ಮಟ್ಟು ಗುಳ್ಳದ ಆಕಾರದ ಕೇಕ್: ನನ್ನ ಅನುಭವ

ತರಕಾರಿ ಆಕಾರದ ಕೇಕ್ ಬೇಕು ಅನ್ನುವವರು ಸಾಮಾನ್ಯವಾಗಿ ಕ್ಯಾರೆಟ್ಟೋ ಕುಂಬಳವೋ ಕೇಳುತ್ತಾರೆ. ನನಗೆ ಬಂದ ಆರ್ಡರ್ ಮಟ್ಟು ಗುಳ್ಳ ಅನ್ನುವ ಬದನೆಯದ್ದು. ಉಡುಪಿಯ ಕಟಪಾಡಿ ಹತ್ತಿರದ ಮಟ್ಟುವಿನಲ್ಲಿ ಗುಳ್ಳ ಬೆಳೆಯುವ ಅಜ್ಜನಿಗೆ 80 ತುಂಬುತ್ತಿತ್ತು. 2011ರಲ್ಲಿ ಜಿಐ ಟ್ಯಾಗ್, ಅಂದರೆ ಈ ಊರಿನದ್ದೇ ವಿಶೇಷ ಬೆಳೆ ಅನ್ನುವ ಅಧಿಕೃತ ಗುರುತು, ಸಿಕ್ಕಿದ ಬದನೆ ಇದು. ಆ ಊರಿನವರ ಮುಂದೆ ಸುಮ್ನೆ ಒಂದು ಹಸಿರು ಉಂಡೆ ಇಟ್ಟರೆ ಆಗುತ್ತದಾ? ಅದಕ್ಕೇ ಒಂದಷ್ಟು ಗುಳ್ಳ ತಂದು ಎದುರಿಗಿಟ್ಟುಕೊಂಡೇ ಕೆಲಸ ಶುರು ಮಾಡಿದೆ. ಆಮೇಲೆ ಅವೆಲ್ಲ ಹುಳಿಗೆ ಹೋದವು ಅನ್ನಿ.

ಆ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ. ಕಂಡೆನ್ಸ್ಡ್ ಮಿಲ್ಕ್, ಬೆಣ್ಣೆ, ಮೊಸರು ಹಾಕಿ ಗಟ್ಟಿ ಕೇಕ್ ಮಾಡಿದೆ. ಹಗುರ ಸ್ಪಂಜ್‌ಗೆ ಚಾಕು ಇಟ್ಟರೆ ಉದುರುತ್ತದೆ. ದುಂಡಗೆ ಬರಲಿ ಅಂತ ಆಳವಾದ ಬಟ್ಟಲಲ್ಲಿ ಬೇಯಿಸುವವರಿದ್ದಾರೆ. ಆದರೆ ಅಂಚು ಒಣಗಿದರೂ ನಡು ಬೆಂದಿರುವುದಿಲ್ಲ. 6 ಇಂಚಿನ ಟಿನ್‌ನಲ್ಲಿ ಪದರಗಳನ್ನು ಬೇಯಿಸಿ, ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು, ಪೇರಿಸಿ ಕೆತ್ತುವುದೇ ವಾಸಿ. ಮಧ್ಯದಲ್ಲಿ ಒಂದು ತೆಳು ಬೋರ್ಡ್, ಅದರ ಕೆಳಗೆ ದಪ್ಪ ಸ್ಟ್ರಾಗಳು. ಇಲ್ಲದಿದ್ದರೆ ಮೇಲಿನ ಭಾರಕ್ಕೆ ಕೆಳಗಿನದು ಉಬ್ಬುತ್ತದೆ.

ಗುಳ್ಳ ಚೆಂಡಿನಂತೆ ಪೂರ್ತಿ ದುಂಡಗಿರುವುದಿಲ್ಲ. ತೊಟ್ಟಿನ ಕಡೆ ಸ್ವಲ್ಪ ಕಿರಿದು, ಬುಡ ಅಗಲ, ಒಂದು ಪಕ್ಕ ತುಸು ವಾಲಿರುತ್ತದೆ. ಆ ವಾಲು ಬಂದ ಮೇಲೇ ಅದು ಗಿಡದಿಂದ ಕೊಯ್ದದ್ದರ ಹಾಗೆ ಕಂಡಿತು.

ಆಕಾರ ಹಿಡಿದಿಡುವುದು ಗನಾಶ್. 3 ಪಾಲು ಬಿಳಿ ಚಾಕೊಲೇಟ್‌ಗೆ 1 ಪಾಲು ಕ್ರೀಮ್. ಕಪ್ಪು ಚಾಕೊಲೇಟ್ ಆದರೆ ಮೇಲೆ ಹೊದಿಸುವ ತಿಳಿ ಹಸಿರು ಫಾಂಡೆಂಟ್‌ನ (ಸಕ್ಕರೆಯ ಕಣಕ) ಅಡಿಯಿಂದ ಇಣುಕುತ್ತದೆ. ಫಾಂಡೆಂಟ್ ಕೊಳ್ಳುವಾಗ ಹಸಿರು ಚುಕ್ಕಿ ನೋಡಿ, ಕೆಲವಕ್ಕೆ ಪ್ರಾಣಿಗಳಿಂದ ಬರುವ ಜೆಲಾಟಿನ್ ಹಾಕಿರುತ್ತಾರೆ.

ಬಣ್ಣದ್ದೇ ದೊಡ್ಡ ಕೆಲಸ. ಗುಳ್ಳದ ಬಿಳಿ ಗೆರೆಗಳು ಎಳೆದ ಹಾಗೆ ನೇರವಾಗಿರುವುದಿಲ್ಲ, ಅಲ್ಲಲ್ಲಿ ಒಡೆದು ಹರಡಿರುತ್ತವೆ. ಬಿಳಿ ಬಳಿಯುವ ಬದಲು, ಬಿಳಿಚು ಹಸಿರು ಫಾಂಡೆಂಟ್ ಹೊದಿಸಿ, ಗೆರೆಗಳ ಜಾಗ ಬಿಟ್ಟು ಉಳಿದ ಕಡೆ ಹಸಿರು ಹಚ್ಚಿದೆ. ನಮ್ಮ ಕರಾವಳಿಯ ಸೆಕೆಗೆ ನೀರಲ್ಲಿ ಕಲಸಿದ ಬಣ್ಣ ಬೇಗ ಒಣಗುವುದಿಲ್ಲ. ಪುಡಿ ಬಣ್ಣವನ್ನೇ ಒಣ ಬ್ರಷ್‌ನಲ್ಲಿ ಉಜ್ಜಿದೆ. ಹೊಳಪಿಗೆ ಅಂಗಡಿಯ ಗ್ಲೇಜ್ ಬೇಡ ಅನ್ನಿಸಿತು. ಅದರಲ್ಲಿ ಹೆಚ್ಚಾಗಿ ಅರಗು ಇರುತ್ತದೆ, ಅರಗು ಹುಳದಿಂದ ಬರುವಂಥದ್ದು. ಅಂಗೈಗೆ ಎರಡು ಹನಿ ತೆಂಗಿನೆಣ್ಣೆ ಹಚ್ಚಿಕೊಂಡು ನಯವಾಗಿ ಸವರಿದೆ, ಸಾಕಾಯ್ತು.

ತೊಟ್ಟನ್ನು ಮಾತ್ರ ಮೊದಲೇ ಮಾಡಿ ಒಣಗಿಸಿಡಬೇಕು. ಫಾಂಡೆಂಟ್‌ಗೆ ಅದನ್ನು ಗಟ್ಟಿ ಮಾಡುವ ಟೈಲೋಸ್ ಪುಡಿ ಸೇರಿಸಿ, ಕವುಚಿದ ಬಟ್ಟಲ ಮೇಲೆ ಹರಡಿ, ಚೂಪು ಮುಳ್ಳುಗಳನ್ನು ಒಂದೊಂದಾಗಿ ಅಂಟಿಸಿದೆ. ಮಟ್ಟು ಗುಳ್ಳ ಅಂತ ಗುರುತು ಹಿಡಿಯುವವರು ಮೊದಲು ನೋಡುವುದೇ ಅಲ್ಲಿ.

ಫ್ರಿಜ್‌ನಿಂದ ತೆಗೆದ ಕೂಡಲೇ ಡಬ್ಬಿ ಬಿಚ್ಚಬೇಡಿ, ಫಾಂಡೆಂಟ್ ಬೆವರುತ್ತದೆ. ಮುಚ್ಚಿದ ರಟ್ಟಿನ ಡಬ್ಬಿಯಲ್ಲೇ ತಣುಪು ಇಳಿಯಲಿ.

ಅಜ್ಜ ಬಗ್ಗಿ ನೋಡಿ, "ತೊಟ್ಟು ಸರಿ ಉಂಟು ಮಾರಾಯ್ತಿ, ಮುಳ್ಳು ಚುಚ್ಚುದಿಲ್ಲ ಅಷ್ಟೇ" ಅಂದರು. ಕತ್ತರಿಸುವವರಿಗೆ ನಾನು ಹೇಳಿದ್ದು ಇಷ್ಟೇ: ಮೊದಲು ಬೋರ್ಡ್‌ವರೆಗೆ ಮಾತ್ರ ಕೊಯ್ಯಿರಿ, ಬೋರ್ಡ್ ಎತ್ತಿ ಸ್ಟ್ರಾಗಳನ್ನು ಕಿತ್ತು ಎಣಿಸಿ, ಆಮೇಲೆ ಕೆಳಗಿನದಕ್ಕೆ ಚಾಕು ಹಾಕಿ.