ಮಡಕೆ ಚೂರಿನ ಕುಳಿಯಿಂದ ಕಾಳಿನ ಅಚ್ಚು ತೆಗೆಯುವುದು ಹೇಗೆ?

ಜಪಾನಿನ ಇತಿಹಾಸಪೂರ್ವ ಕಾಲದ ಜೋಮೋನ್ ಮಡಕೆ ಕೈಗೆ ಸಿಕ್ಕರೆ ಎಲ್ಲರೂ ನೋಡುವುದು ಮೈಮೇಲಿನ ಹಗ್ಗದ ಗುರುತನ್ನೇ. ಪಕ್ಕದ ಪುಟ್ಟ ಕುಳಿಯನ್ನು ನೋಡುವವರು ಕಡಿಮೆ. ಹಸಿ ಮಣ್ಣಿಗೆ ಸೇರಿದ ಕಾಳೋ ಹುಳವೋ ಮಡಕೆ ಸುಡುವಾಗ ಉರಿದುಹೋಗುತ್ತದೆ, ಆಕಾರ ಮಾತ್ರ ಕುಳಿಯಾಗಿ ಉಳಿಯುತ್ತದೆ. ಅದಕ್ಕೆ ಸಿಲಿಕೋನ್ ತುಂಬಿ ಅಚ್ಚು ತೆಗೆಯುವುದೇ ರೆಪ್ಲಿಕಾ ವಿಧಾನ. ತನೆಗಾಶಿಮಾ ದ್ವೀಪದ ಚೂರುಗಳಲ್ಲಿ ಸುಮಾರು 10,500 ವರ್ಷ ಹಿಂದಿನ ಸೊಂಡಿಲು ಹುಳ ಸಿಕ್ಕಿದ್ದು ಹೀಗೇ. ಅಕ್ಕಿಗೆ ಬೀಳುವ ಹುಳ ಅದು. ಆದರೆ ಜಪಾನಿಗೆ ಭತ್ತ ಬಂದದ್ದು ಎಷ್ಟೋ ಸಾವಿರ ವರ್ಷಗಳ ನಂತರ!

1. ಓರೆ ಬೆಳಕಿನಲ್ಲಿ, ಭೂತಗನ್ನಡಿ ಹಿಡಿದು ಕುಳಿ ಹುಡುಕಿ.

2. ಒಳಮೈಗೆ ಸೀದ ಅಡುಗೆಯ ಕರಿ ಅಂಟಿದೆಯಾ? ಕಾರ್ಬನ್ ಡೇಟಿಂಗಿಗೆ, ಕೊಬ್ಬಿನ ಪರೀಕ್ಷೆಗೆ ಬೇಕಾದಷ್ಟನ್ನು ಈಗಲೇ ತೆಗೆದಿಡಿ. ಮುಂದೆ ಹಚ್ಚುವ ರಾಳದಲ್ಲೂ ಕಾರ್ಬನ್ ಇರುತ್ತದೆ. ಬೆರೆತರೆ ಲೆಕ್ಕ ಕೆಟ್ಟಿತು.

3. ಮೆತ್ತನೆಯ ಬ್ರಷ್, ನೀರು ಬಳಸಿ ತೊಳೆದು ಪೂರ್ತಿ ಒಣಗಿಸಿ. ಸೂಜಿ ಬೇಡವೇ ಬೇಡ. ಅದರ ಗೀರೂ ಅಚ್ಚಿನಲ್ಲಿ ಬರುತ್ತದೆ.

4. ಜನ ಎಡವುವುದು ಇಲ್ಲಿ. ಪ್ಯಾರಲಾಯ್ಡ್ ಬಿ-72 ರಾಳವನ್ನು ಅಸಿಟೋನಿನಲ್ಲಿ ತೆಳ್ಳಗೆ ಕರಗಿಸಿ, ಕುಳಿಯ ಒಳಗೂ ಅಂಚಿಗೂ ಹಚ್ಚಿ. ದಪ್ಪವಾದರೆ ಕಾಳಿನ ಸಣ್ಣ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. "ಗಟ್ಟಿ ಚೂರು, ಏನೂ ಆಗಲ್ಲ" ಅಂತ ಹಚ್ಚದೇ ಬಿಡುವವರನ್ನು ನೋಡಿದ್ದೇನೆ. ಆಗ ಸಿಲಿಕೋನ್ ಮಣ್ಣಿನ ರಂಧ್ರಕ್ಕಿಳಿದು, ಎಳೆಯುವಾಗ ಚೂರಿನ ಮೈಯೇ ಕಿತ್ತು ಬರುತ್ತದೆ.

ಸಿಲಿಕೋನ್ ದಂತವೈದ್ಯರು ಬಳಸುವ ತೆಳು ಬಗೆಯದ್ದೇ ಇರಲಿ. ಬಾತ್‌ರೂಮ್ ಸಂದಿಗೆ ಮೆತ್ತುವ ಟ್ಯೂಬ್ ಅಗ್ಗ ನಿಜ, ಆದರೆ ಒಣಗುವುದು ನಿಧಾನ, ಹುಳಿ ವಾಸನೆ ಬೇರೆ. ಸಿರಿಂಜಿನ ತುದಿಯನ್ನು ಕುಳಿಯ ತಳಕ್ಕೆ ಇಟ್ಟು, ಕೆಳಗಿನಿಂದ ತುಂಬುತ್ತಾ ಮೇಲೆ ಬನ್ನಿ. ಮೇಲಿಂದ ಸುರಿದರೆ ಗಾಳಿ ಸಿಕ್ಕಿ ಗುಳ್ಳೆ ಏಳುತ್ತದೆ. ಆ ಗುಳ್ಳೆ ಕಾಳಿನ ಕಣ್ಣಿನ (ಕಾಳು ಕಾಯಿಗೆ ಅಂಟಿದ್ದ ಗುರುತಿನ) ಮೇಲೇ ಕೂತರೆ, ಸೋಯಾನೋ ಅಜುಕಿ ಎಂಬ ಪುಟ್ಟ ಕೆಂಪು ಕಾಳೋ ಹೇಳುವುದು ಕಷ್ಟ. ಮಿಕ್ಕ ಸಿಲಿಕೋನನ್ನು ರಟ್ಟಿನ ಮೇಲಿಟ್ಟುಕೊಳ್ಳಿ. ಅದಕ್ಕೆ ಉಗುರು ಒತ್ತಿ ನೋಡಿ, ಗುರುತು ಉಳಿಯದಿದ್ದರೆ ಮಾತ್ರ ಕುಳಿಯದ್ದನ್ನು ಎಳೆಯಿರಿ.

5. ಅಸಿಟೋನಿನಿಂದ ರಾಳ ಒರೆಸಿ. ಕಿಟಕಿ ತೆರೆದಿರಲಿ.

6. ಅಚ್ಚನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಟ್ಟು ಇಂದಿನ ಕಾಳಿನ ಜೊತೆ ಹೋಲಿಸಿ. ಗಾತ್ರ ಒಂದನ್ನೇ ನಂಬಿ "ಕಾಡಿನದಲ್ಲ, ಬೆಳೆಸಿದ ಕಾಳು" ಅನ್ನಬೇಡಿ. ಒದ್ದೆ ಮಣ್ಣಿನಲ್ಲಿ ಕಾಳು ಉಬ್ಬಿರಬಹುದು, ಮಣ್ಣೋ ಒಣಗುವಾಗ, ಸುಡುವಾಗ ಕುಗ್ಗುತ್ತದೆ.

ಮಡಕೆಯ ಗೋಡೆಯ ಒಳಗೇ ಅಡಗಿದ ಕುಳಿಗಳಿಗೆ ಎಕ್ಸ್‌ರೇ ಸಿಟಿ ಸ್ಕ್ಯಾನ್ ಬೇಕು. ಹೊಕ್ಕೈಡೊದ ತತೆಜಾಕಿಯ ಒಂದೇ ಮಡಕೆಯಲ್ಲಿ ನೂರಾರು ಸೊಂಡಿಲು ಹುಳಗಳ ಗುರುತು ಹೀಗೆ ಸಿಕ್ಕಿತು. ಹೊರಗೆ ಕಾಣುವ ಕುಳಿಗೆ ಮಾತ್ರ ನಾನು ಸಿಲಿಕೋನನ್ನೇ ಹೇಳುವುದು. ಖರ್ಚು ಕಡಿಮೆ, ಗೆರೆಗಳೂ ಜಾಸ್ತಿ ಸ್ಪಷ್ಟ.