ಬ್ಲೀಚಿಂಗ್ ಪೌಡರಿಗೂ ಜಗ್ಗದ ಕರುಗಳ ಭೇದಿ

ಕರು ಹುಟ್ಟಿ ಒಂದು ವಾರ ಚೆನ್ನಾಗಿಯೇ ಇರುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಹಳದಿ ನೀರಿನಂಥ ಭೇದಿ. ಕೋಲಾರದ ಕಡೆ ಸೀಮೆಹಸು ಸಾಕುವವರು ಈ ಕಾಟ ನೋಡಿಯೇ ಇರುತ್ತೀರಿ. ಕಳೆದ ಮಳೆಗಾಲದಲ್ಲಿ ನಮ್ಮ ಕೊಟ್ಟಿಗೆಯಲ್ಲಿ ಒಂದರ ಹಿಂದೆ ಒಂದು ಕರು ಮಲಗಿದವು. ಅದೇ ಹೊತ್ತಿಗೆ ಅಣ್ಣನ ಮಗಳಿಗೂ ಹೊಟ್ಟೆನೋವು, ಭೇದಿ. ಕರುಗಳಿಗೆ ಬೆರಳು ಚೀಪಿಸಿ ಬಕೆಟ್ಟಿನಲ್ಲಿ ಹಾಲು ಕುಡಿಯೋದು ಕಲಿಸುವವಳು ಅವಳೇ.

ಮನೆಯವರು ಜಂತುಹುಳದ ಔಷಧಿ ಕುಡಿಸೋಣ ಅಂದರು. ಪಶುವೈದ್ಯರು ಮೊದಲು ಸಗಣಿ ಪರೀಕ್ಷೆ ಮಾಡಿಸಿದರು. "ಇದು ಜಂತುಹುಳ ಅಲ್ಲಮ್ಮ. ಕ್ರಿಪ್ಟೋಸ್ಪೊರಿಡಿಯಂ ಅಂತ, ಕಣ್ಣಿಗೆ ಕಾಣದ ಪರಾವಲಂಬಿ. ಆಂಟಿಬಯೋಟಿಕ್ಕಿಗೂ ಬಗ್ಗಲ್ಲ" ಅಂದರು.

ಅದರ ಮೊಟ್ಟೆಯಂಥ ಕಣದ ಕವಚ ಬಲು ಗಟ್ಟಿ. ಬ್ಲೀಚಿಂಗ್ ಪೌಡರ್ ಎರಚಿದರೆ ಸಾಯುವುದಿಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕಿ ಊರಲ್ಲಿ ಕ್ಲೋರಿನ್ ಹಾಕಿದ ನಲ್ಲಿ ನೀರು ಕುಡಿದೇ ಸುಮಾರು 4 ಲಕ್ಷ ಜನ ಕಾಯಿಲೆ ಬಿದ್ದಿದ್ದರು. ಅದಕ್ಕೆ ಆಗದಿರುವುದು ಕುದಿಯುವ ನೀರು ಮತ್ತು ಒಣ ಜಾಗ. ಹಾಗಾಗಿ ಹಾಸಿದ್ದ ರಾಗಿಹುಲ್ಲನ್ನೆಲ್ಲ ತೆಗೆದು ಸುಟ್ಟೆವು. ಸಗಣಿ ಕೆರೆದು ತೆಗೆದು, ಸೋಪಿನ ನೀರಲ್ಲಿ ನೆಲ ಉಜ್ಜಿ, ಹಂಡೆಯಿಂದ ಕುದಿಯುವ ನೀರು ಸುರಿದು, ಬಿಸಿಲಿಗೆ ಬಿಟ್ಟೆವು. ಹಾಲಿನ ಬಕೆಟ್ಟಿಗೂ ಅದೇ ಉಪಚಾರ. ಹೊಸ ಕರುಗಳನ್ನು ಬೇರೆ ಕಡೆ ಕಟ್ಟಿದೆವು. ಗಟ್ಟಿಯಿರುವ ಕರುಗಳ ಕೆಲಸ ಮೊದಲು, ಭೇದಿಯ ಕರು ಕೊನೆಗೆ.

ಭೇದಿಯಾದ ಕರುವಿಗೆ ಹಾಲು ನಿಲ್ಲಿಸಬೇಡಿ. ಸ್ವಲ್ಪ ಸ್ವಲ್ಪವಾಗಿ ಜಾಸ್ತಿ ಸಲ ಕೊಡಿ, ನಡುನಡುವೆ ಓಆರ್‌ಎಸ್ ಕುಡಿಸಿ. ಕರು ಸಾಯುವುದು ಮೈಯ ನೀರು ಹೋಗಿ. ಕತ್ತಿನ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಬಿಡಿ. ತಕ್ಷಣ ಕೂತರೆ ಪರವಾಗಿಲ್ಲ. ಮಡಿಕೆ ಹಾಗೇ ನಿಂತರೆ, ಕಣ್ಣು ಗುಳಿ ಬಿದ್ದಿದ್ದರೆ, ಕರು ಚೀಪದೇ ಹೋದರೆ ಡ್ರಿಪ್ ಹಾಕಿಸಲೇಬೇಕು. ಸಂಜೆ ನೋಡೋಣ ಅನ್ನಬೇಡಿ.

ಇನ್ನು ಗಿಣ್ಣು ಹಾಲು. ನಮ್ಮ ಕಡೆ ಇನ್ನೂ ಎಷ್ಟೋ ಮನೆಗಳಲ್ಲಿ ಮಾಸು ಬೀಳಲಿ ಅಂತ ಅದನ್ನು ಕುಡಿಸದೆ ಕಾಯುತ್ತಾರೆ, ಅದನ್ನು ನೋಡಿದರೆ ಸಂಕಟ ಆಗುತ್ತದೆ. ಮಾಸಿಗೂ ಹಾಲಿಗೂ ಏನು ಸಂಬಂಧ? ಗಿಣ್ಣು ಹಾಲಿನಲ್ಲಿರುವ ರೋಗ ತಡೆಯುವ ಶಕ್ತಿಯನ್ನು ಕರುವಿನ ಕರುಳು ಹೀರಿಕೊಳ್ಳುವುದು ಮೊದಲ ದಿನ ಮಾತ್ರ, ಅದೂ ಗಂಟೆ ಗಂಟೆಗೂ ಕಡಿಮೆಯಾಗುತ್ತದೆ. 30 ಕೆಜಿ ಕರುವಿಗೆ 3 ಲೀಟರ್ ಲೆಕ್ಕ. ಹುಟ್ಟಿದ ಎರಡು ಗಂಟೆಯೊಳಗೆ ಶುರು ಮಾಡಿ. ಇದರಿಂದ ಈ ಭೇದಿ ಪೂರ್ತಿ ತಪ್ಪುವುದಿಲ್ಲ, ಆದರೆ ಕರು ತಡೆದುಕೊಳ್ಳುತ್ತದೆ.

ಈ ರೋಗ ಕರುಗಳಿಂದ ಮನುಷ್ಯರಿಗೂ ಅಂಟುತ್ತದೆ. ಹಾಗಾಗಿ ಅಣ್ಣನ ಮಗಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಕರುಗಳ ವಿಷಯ ಮೊದಲೇ ಹೇಳಿದೆವು. ಮಾಮೂಲಿ ಮಲ ಪರೀಕ್ಷೆಯಲ್ಲಿ ಇದು ಕಾಣದೇ ಹೋಗಬಹುದು, ಬೇರೆ ಪರೀಕ್ಷೆ ಬರೆಸಬೇಕು. ಅವಳು ಓಆರ್‌ಎಸ್‌ನಲ್ಲೇ ಸುಧಾರಿಸಿದಳು. ಆದರೆ ಎಚ್‌ಐವಿ ಇರುವವರಿಗೆ, ಕ್ಯಾನ್ಸರ್ ಔಷಧಿ ನಡೆಯುತ್ತಿರುವವರಿಗೆ ಇದು ಜೀವಕ್ಕೇ ಕುತ್ತು, ಅವರು ಎಳೆಗರುಗಳ ಹತ್ತಿರ ಹೋಗಬಾರದು. ಸ್ಯಾನಿಟೈಸರ್ ಇದಕ್ಕೆ ನಡೆಯಲ್ಲ. ಕೊಟ್ಟಿಗೆ ಬಾಗಿಲಲ್ಲೇ ಸೋಪು, ನೀರು ಇಟ್ಟಿದ್ದೇವೆ. ಬೋರ್‌ವೆಲ್ ನೀರನ್ನು ಕುದಿಸಿಯೇ ಕುಡಿಯುತ್ತೇವೆ.