ನಿಮ್ಮ ಸಂಸದರು ಸದನದಲ್ಲಿ ಮಾಡಿದ್ದೇನು? ಒಂದು ಭಾನುವಾರದಲ್ಲಿ ಲೆಕ್ಕ ತೆಗೆಯುವ ಬಗೆ

ಲೋಕಸಭೆಯ 543 ಸದಸ್ಯರಲ್ಲಿ ಹೆಚ್ಚಿನವರು ಮಂತ್ರಿಗಳಲ್ಲ, ಪಕ್ಷದ ನಾಯಕರೂ ಅಲ್ಲ. ಹಿಂದಿನ ಸಾಲುಗಳಲ್ಲಿ ಕೂರುವ ಇವರ ಬಗ್ಗೆ ಚುನಾವಣೆ ಬಂದಾಗ ಎರಡು ಮಾತು ಕೇಳಿಬರುತ್ತವೆ. ಎದುರಾಳಿಗಳು ‘ಐದು ವರ್ಷ ಬಾಯಿಯನ್ನೇ ಬಿಟ್ಟಿಲ್ಲ’ ಎನ್ನುತ್ತಾರೆ. ಬೆಂಬಲಿಗರು ‘ನೂರಾರು ಪ್ರಶ್ನೆ ಕೇಳಿದ್ದಾರೆ’ ಎಂದು ಕರಪತ್ರ ಹಂಚುತ್ತಾರೆ. ಎರಡನ್ನೂ ಮನೆಯಲ್ಲೇ ಕುಳಿತು ಪರೀಕ್ಷಿಸಬಹುದು, ಖರ್ಚಿಲ್ಲ. ಕಂಪ್ಯೂಟರ್ ಇದ್ದರೆ ಅನುಕೂಲ. ಮೊಬೈಲಿನಲ್ಲೂ ಆಗುತ್ತದೆ, ಆದರೆ ನೂರಾರು ಪುಟದ ಪಿಡಿಎಫ್‌ನಲ್ಲಿ ಹೆಸರು ಹುಡುಕುವಷ್ಟರಲ್ಲಿ ಕಣ್ಣು ಸೋಲುತ್ತದೆ.

ಬೇಕಾದ ಜಾಲತಾಣ ಮುಖ್ಯವಾಗಿ ಎರಡು. ಒಂದು ಸಂಸತ್ತಿನದೇ ಆದ ಸಂಸದ್ ಡಾಟ್ ಇನ್. ಪ್ರಶ್ನೋತ್ತರ, ಚರ್ಚೆಯ ನಡಾವಳಿ, ಸಮಿತಿ ವರದಿಗಳ ಮೂಲ ಪ್ರತಿಗಳು ಅಲ್ಲಿವೆ. ಇನ್ನೊಂದು, ಶಾಸನಸಭೆಗಳ ಕೆಲಸವನ್ನು ಅಧ್ಯಯನ ಮಾಡುವ ಪಿಆರ್‌ಎಸ್ ಸಂಸ್ಥೆಯ ‘ಎಂಪಿ ಟ್ರ್ಯಾಕ್’. ಹಾಜರಿ, ಚರ್ಚೆ, ಪ್ರಶ್ನೆ, ಖಾಸಗಿ ಮಸೂದೆಗಳ (ಮಂತ್ರಿಯಲ್ಲದ ಸದಸ್ಯರು ಮಂಡಿಸುವಂಥವು) ಒಟ್ಟು ಲೆಕ್ಕವನ್ನು ಅದು ರಾಜ್ಯದ ಮತ್ತು ದೇಶದ ಸರಾಸರಿಯ ಪಕ್ಕದಲ್ಲಿಟ್ಟು ತೋರಿಸುತ್ತದೆ. ಅಂದಾಜಿಗೆ ಎರಡನೆಯದು ಸಾಕು, ತೀರ್ಮಾನಕ್ಕೆ ಮೊದಲನೆಯದನ್ನೇ ನೋಡಬೇಕು.

ಮೊದಲು ಹೆಸರು, ಅವಧಿ

ಹುಡುಕುವ ಮೊದಲು ಒಂದು ಹಾಳೆಯಲ್ಲಿ ಮೂರು ಸಂಗತಿ ಬರೆದುಕೊಳ್ಳಿ. ಮೊದಲನೆಯದು, ಎಷ್ಟನೇ ಲೋಕಸಭೆ: 2019ರಿಂದ 2024ರವರೆಗಿನದು 17ನೆಯದು, ಈಗಿನದು 18ನೆಯದು. ಹಲವು ಸಲ ಗೆದ್ದವರ ಹಳೆಯ ಅವಧಿಯ ಪ್ರಶ್ನೆಗಳು ಹೊಸದರೊಂದಿಗೆ ಬೆರೆತುಹೋಗುವುದು ಸಾಮಾನ್ಯ ತಪ್ಪು. ಎರಡನೆಯದು, ಉಪಚುನಾವಣೆಯಲ್ಲಿ ಬಂದವರಾದರೆ ಪ್ರಮಾಣವಚನದ ದಿನ. ಅವರ ಒಟ್ಟು ಸಂಖ್ಯೆಯನ್ನು ಐದು ವರ್ಷ ಪೂರ್ತಿ ಇದ್ದವರ ಜತೆ ತೂಗುವುದು ನ್ಯಾಯವಲ್ಲ. ಮೂರನೆಯದು, ನಡುವೆ ಮಂತ್ರಿಯಾಗಿದ್ದರೇ ಎಂಬುದು. ಮಂತ್ರಿಗಳು ಪ್ರಶ್ನೆ ಕೇಳುವುದಿಲ್ಲ, ಉತ್ತರಿಸುತ್ತಾರೆ. ಹಾಜರಿಯನ್ನೂ ಹಾಕುವುದಿಲ್ಲ. ಅಲ್ಲಿ ಸೊನ್ನೆ ಕಂಡರೆ ಅದು ಸೋಮಾರಿತನವಲ್ಲ.

ಮತದ ದಾಖಲೆ: ಮೊದಲು ಕೇಳುವುದು, ಕೊನೆಗೆ ಸಿಗುವುದು

‘ಆ ಮಸೂದೆಗೆ ನಮ್ಮ ಸಂಸದರು ಯಾವ ಕಡೆ ಮತ ಹಾಕಿದರು?’ ಈ ಪ್ರಶ್ನೆಗೆ ಬಹುಪಾಲು ಸಲ ಉತ್ತರವೇ ಇರುವುದಿಲ್ಲ. ಸದನದ ರೂಢಿ ಧ್ವನಿಮತ. ‘ಪರ ಇರುವವರು ಹೌದು ಎನ್ನಿ, ವಿರುದ್ಧ ಇರುವವರು ಇಲ್ಲ ಎನ್ನಿ’ ಎನ್ನುವ ಪೀಠ, ಕೂಗು ಕೇಳಿ ನಿರ್ಣಯ ಹೇಳುತ್ತದೆ. ಯಾರು ಕೂಗಿದರು, ಯಾರು ಸುಮ್ಮನಿದ್ದರು ಎಂಬುದು ಎಲ್ಲೂ ಬರಹಕ್ಕಿಳಿಯುವುದಿಲ್ಲ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಕೃಷಿ ಮಸೂದೆಗಳು ಹೀಗೆಯೇ ಪಾಸಾದವು. ವಿರೋಧ ಪಕ್ಷಗಳು ಮತ ವಿಭಜನೆ (ಒಬ್ಬೊಬ್ಬರ ಮತದ ಎಣಿಕೆ, ಇಂಗ್ಲಿಷಿನಲ್ಲಿ ‘ಡಿವಿಜನ್’) ಕೇಳಿದರೂ ಸಿಗಲಿಲ್ಲ. ಅಂದು ಯಾವ ಸದಸ್ಯರು ಎತ್ತ ಇದ್ದರೆಂಬ ಹೆಸರುಪಟ್ಟಿ ಇಂದಿಗೂ ಇಲ್ಲ, ಮುಂದೆಯೂ ಹುಟ್ಟುವುದಿಲ್ಲ.

ಪಟ್ಟಿ ಸಿಗುವುದು ಧ್ವನಿಮತವನ್ನು ಯಾರಾದರೂ ಪ್ರಶ್ನಿಸಿ ‘ಡಿವಿಜನ್’ ನಡೆದಾಗ ಮಾತ್ರ. ಆಗ ಗಂಟೆ ಬಾರಿಸುತ್ತದೆ, ಒಳಗಂಕಣದ ಬಾಗಿಲು ಮುಚ್ಚುತ್ತಾರೆ, ಸದಸ್ಯರು ತಮ್ಮ ಆಸನದಲ್ಲೇ ಗುಂಡಿ ಒತ್ತುತ್ತಾರೆ: ಹಸಿರು ಪರ, ಕೆಂಪು ವಿರುದ್ಧ, ಹಳದಿ ತಟಸ್ಥ. ಸಂವಿಧಾನ ತಿದ್ದುಪಡಿಗೆ ಸದನದ ಒಟ್ಟು ಸದಸ್ಯಬಲದ ಬಹುಮತ ಮತ್ತು ಹಾಜರಿದ್ದು ಮತ ಹಾಕಿದವರ ಮೂರನೇ ಎರಡು ಭಾಗ ಬೇಕು. ಕೂಗಿನಿಂದ ಇದನ್ನು ಎಣಿಸಲಾಗದ ಕಾರಣ ಅಲ್ಲಿ ಡಿವಿಜನ್ ಕಡ್ಡಾಯ. 2023ರ ಸೆಪ್ಟೆಂಬರ್ 20ರಂದು ಮಹಿಳಾ ಮೀಸಲಾತಿ ಮಸೂದೆಗೆ ಲೋಕಸಭೆಯಲ್ಲಿ 454 ಪರ, 2 ವಿರುದ್ಧ ಎಂಬ ನಿಖರ ಲೆಕ್ಕ ಇರುವುದು ಇದರಿಂದಲೇ. ಸಾಮಾನ್ಯ ಮಸೂದೆಗಳಲ್ಲಿ 2019ರ ಪೌರತ್ವ ತಿದ್ದುಪಡಿ (311–80), 2025ರ ವಕ್ಫ್ ತಿದ್ದುಪಡಿ (288–232) ಡಿವಿಜನ್‌ಗೆ ಹೋದವು.

ಪಟ್ಟಿ ತೆಗೆಯುವುದು ಹೀಗೆ. ಮಸೂದೆ ಪಾಸಾದ ದಿನಾಂಕ ತಿಳಿದುಕೊಳ್ಳಿ. ಚರ್ಚೆ ಮಧ್ಯರಾತ್ರಿ ದಾಟಿದ್ದರೂ ಕಲಾಪ ಶುರುವಾದ ದಿನದ ಹೆಸರಲ್ಲೇ ಹುಡುಕಿ. ಆ ದಿನದ ನಡಾವಳಿಯನ್ನು ಇಳಿಸಿಕೊಂಡು ‘ಡಿವಿಜನ್’ ಎಂಬ ಇಂಗ್ಲಿಷ್ ಪದ ಹಾಕಿದರೆ ಹೆಸರುಗಳ ಸಾಲು ಸಿಗುತ್ತದೆ. ಇಲ್ಲಿ ಎರಡು ಕಡೆ ಎಡವುತ್ತೇವೆ. ಪಟ್ಟಿಯಲ್ಲಿ ಅಡ್ಡಹೆಸರು ಮೊದಲು ಬರುತ್ತದೆ. ನಮ್ಮವರ ಇನಿಷಿಯಲ್ಲುಗಳು ಅಲ್ಲಿ ಹಿಂದೆಮುಂದೆ ಆಗಿರುತ್ತವೆ, ಆದ್ದರಿಂದ ಹೆಸರಿನ ಒಂದು ತುಂಡನ್ನಷ್ಟೇ ಹಾಕಿ ಹುಡುಕಿ. ಇನ್ನೊಂದು, ಯಂತ್ರ ಕೈಕೊಟ್ಟವರು, ತಪ್ಪು ಗುಂಡಿ ಒತ್ತಿದವರು ಚೀಟಿಯ ಮೂಲಕ ಮತ ಕೊಡುತ್ತಾರೆ ಅಥವಾ ತಿದ್ದಿಸುತ್ತಾರೆ. ಅವರ ಹೆಸರು ಪಟ್ಟಿಯ ಕೆಳಗಿನ ಅಡಿಟಿಪ್ಪಣಿಯಲ್ಲಿರುತ್ತದೆ. ಅದನ್ನು ನೋಡದೆ ‘ಗೈರು’ ಎಂದು ಬರೆದು ಹಂಚಿದರೆ ಮರುದಿನ ನೀವೇ ಕ್ಷಮೆ ಕೇಳಬೇಕಾದೀತು.

ಇಷ್ಟು ಕಷ್ಟಪಟ್ಟು ತೆಗೆದ ಮತ ಹೇಳುವುದಾದರೂ ಎಷ್ಟು? 1985ರಲ್ಲಿ 52ನೇ ತಿದ್ದುಪಡಿಯಿಂದ ಬಂದ ಹತ್ತನೇ ಅನುಸೂಚಿಯ ಪ್ರಕಾರ, ಪಕ್ಷದ ವಿಪ್ (ಹೀಗೇ ಮತ ಹಾಕಿ ಎಂಬ ಆದೇಶ) ಮೀರಿ ಮತ ಹಾಕಿದರೆ ಅಥವಾ ಮತದಾನದಿಂದ ದೂರ ಉಳಿದರೆ, ಪಕ್ಷ ಅದನ್ನು 15 ದಿನದೊಳಗೆ ಮನ್ನಿಸದಿದ್ದಲ್ಲಿ ಸದಸ್ಯತ್ವಕ್ಕೇ ಕುತ್ತು. ಬ್ರಿಟನ್ನಿನಲ್ಲಿ ಹಿಂದಿನ ಸಾಲಿನವರು ಸ್ವಂತ ಸರ್ಕಾರದ ವಿರುದ್ಧ ಮತ ಹಾಕಿಯೂ ಸಂಸದರಾಗಿ ಉಳಿಯುತ್ತಾರೆ. ಅಲ್ಲಿ ಮತದ ದಾಖಲೆಯಲ್ಲಿ ಮನುಷ್ಯ ಕಾಣುತ್ತಾನೆ, ಇಲ್ಲಿ ಕಾಣುವುದು ಪಕ್ಷ. ಆದ್ದರಿಂದ ಮತದ ಸಾಲಿಗೆ ಹಾಳೆಯಲ್ಲಿ ಚಿಕ್ಕ ಜಾಗ ಕೊಡಿ. ಅಲ್ಲಿ ಗಮನಿಸಬೇಕಾದದ್ದು ಪರ–ವಿರುದ್ಧಕ್ಕಿಂತ ಹೆಚ್ಚಾಗಿ ಮುಖ್ಯ ಡಿವಿಜನ್ ದಿನ ಇದ್ದರೇ ಇಲ್ಲವೇ ಎಂಬುದನ್ನು. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ 269–270ರಲ್ಲಿ, ಒಂದೇ ಮತದಿಂದ ಬಿತ್ತು.

ಹಾಜರಿ

ಬೇಗ ಮುಗಿಸಬಹುದಾದ ಭಾಗ ಇದು. ಹಾಜರಿ ಎಂದರೆ ಆ ದಿನ ಬಂದದ್ದು ದಾಖಲಾಯಿತು ಎಂದಷ್ಟೇ. ಬೆಳಿಗ್ಗೆ ಹಾಜರಿ ಹಾಕಿ ಹೊರಟವರಿಗೂ, ರಾತ್ರಿ ಹತ್ತರವರೆಗೆ ಕುಳಿತವರಿಗೂ ಒಂದೇ ಅಂಕ. ಕಲಾಪದ ದಿನಗಳಿಗೆ ಸಿಗುವ ದಿನಭತ್ಯೆ (ಈಗ ದಿನಕ್ಕೆ 2,500 ರೂಪಾಯಿ) ಈ ದಾಖಲೆಗೇ ಗಂಟುಬಿದ್ದಿರುವುದರಿಂದ ಹಾಜರಿ ಸಾಮಾನ್ಯವಾಗಿ ಚೆನ್ನಾಗಿಯೇ ಕಾಣುತ್ತದೆ. ತೀರಾ ಕಡಿಮೆಯಿದ್ದರೆ ಕಾರಣ ಹುಡುಕಿ: ಕಾಯಿಲೆಯೋ, ಜೈಲೋ, ಅಮಾನತೋ. 2023ರ ಚಳಿಗಾಲದ ಅಧಿವೇಶನದಲ್ಲಿ ಎರಡೂ ಸದನ ಸೇರಿ 146 ಮಂದಿ ಅಮಾನತಾಗಿದ್ದರು. ಅವರು ಒಳಗೆ ಇಲ್ಲದ ದಿನಗಳನ್ನು ಚಕ್ಕರ್ ಎಂದು ಎಣಿಸಬೇಡಿ.

ಪ್ರಶ್ನೆಗಳು: ಎಣಿಸಬೇಡಿ, ಓದಿ

ಕರಪತ್ರಗಳ ದೊಡ್ಡ ಸಂಖ್ಯೆ ಹುಟ್ಟುವುದು ಇಲ್ಲೇ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ಗುರುತಿಲ್ಲದ ಪ್ರಶ್ನೆ ಪಟ್ಟಿಗೆ ಬರುತ್ತವೆ. ಚುಕ್ಕೆ ಇದ್ದರೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು, ಸದಸ್ಯರು ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದಿದ್ದರೆ ಲಿಖಿತ ಉತ್ತರ ಮಾತ್ರ. ಯಾರ ಪ್ರಶ್ನೆ ಪಟ್ಟಿಗೆ ಸೇರಬೇಕು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ, ಹಾಗಾಗಿ ಚುಕ್ಕೆ ಸಿಗುವುದರಲ್ಲಿ ಅದೃಷ್ಟದ ಪಾಲೂ ಇದೆ. ಹನ್ನೊಂದರಿಂದ ಹನ್ನೆರಡರವರೆಗಿನ ಒಂದು ಗಂಟೆಯಲ್ಲಿ ಇಪ್ಪತ್ತೂ ಮುಗಿಯುವುದಿಲ್ಲ, ಕೆಲವಕ್ಕೆ ಮಾತ್ರ ಸರದಿ ಬರುತ್ತದೆ. ಉಳಿದವು ಲಿಖಿತ ಉತ್ತರಗಳಾಗಿಬಿಡುತ್ತವೆ. ಗದ್ದಲವಾದರಂತೂ ಇಪ್ಪತ್ತಕ್ಕೂ ಅದೇ ಗತಿ.

ಪ್ರಶ್ನೋತ್ತರ ಪುಟದಲ್ಲಿ ಸದಸ್ಯರ ಹೆಸರು ಆರಿಸಿ, ಪಟ್ಟಿಯಿಂದ ಮನಬಂದಂತೆ 20 ಪ್ರಶ್ನೆ ತೆರೆಯಿರಿ. ಹೊಸದರಿಂದ ಏಳು, ನಡುವಿನಿಂದ ಏಳು, ಹಳೆಯದರಿಂದ ಆರು ಆದರೆ ಸಾಕು. ಪ್ರತಿಯೊಂದಕ್ಕೂ ಹಾಳೆಯಲ್ಲಿ ನಾಲ್ಕು ಗುರುತು ಹಾಕಿ.

ಪ್ರಶ್ನೆ ಒಬ್ಬರದೇ, ಜಂಟಿಯೇ? ಒಂದೇ ವಿಷಯದ ಪ್ರಶ್ನೆಗಳನ್ನು ಒಟ್ಟು ಸೇರಿಸಿ ಹಲವು ಹೆಸರುಗಳ ಕೆಳಗೆ ಒಂದೇ ಉತ್ತರ ಕೊಡುವುದುಂಟು. ಆ ಒಂದು ಪ್ರಶ್ನೆ ಐದಾರು ಸಂಸದರ ಲೆಕ್ಕದಲ್ಲಿ ಕೂರುತ್ತದೆ.

ಕೇಳಿದ್ದು ಜಾಲತಾಣದಲ್ಲೇ ಸಿಗುವ ಮಾಹಿತಿಯೇ? ‘ಇಂಥ ಯೋಜನೆಯ ಮುಖ್ಯಾಂಶಗಳೇನು’ ಎಂಬ ಪ್ರಶ್ನೆಗೆ ಇಲಾಖೆಯ ಕರಪತ್ರವೇ ಉತ್ತರವಾಗಿ ಬರುತ್ತದೆ. ‘ಇಂಥ ಜಿಲ್ಲೆಯಲ್ಲಿ ಮೂರು ವರ್ಷದಲ್ಲಿ ಮಂಜೂರಾದದ್ದೆಷ್ಟು, ಬಿಡುಗಡೆಯಾದದ್ದೆಷ್ಟು, ಖರ್ಚಾದದ್ದೆಷ್ಟು’ ಎಂದು ಕೇಳಿದವರಿಗೆ ಅನುಬಂಧದಲ್ಲಿ ಅಂಕಿಗಳ ಕೋಷ್ಟಕ ಸಿಗುತ್ತದೆ. ಹಿಂದಿನ ಸಾಲಿನ ಒಳ್ಳೆಯ ಸಂಸದರ ಗುರುತು ಇಂಥ ಕೋಷ್ಟಕಗಳಲ್ಲಿದೆ. ಕಡೂರಿನ ರೈತನಿಗೋ ಕಾರವಾರದ ಮೀನುಗಾರನಿಗೋ ಉಪಯೋಗವಾಗುವ ಅಂಕಿ ಹೊರಬರುವುದು ಆ ದಾರಿಯಲ್ಲೇ.

ಉತ್ತರ ನುಣುಚಿಕೊಂಡಿದೆಯೇ? ‘ಇದು ರಾಜ್ಯದ ವಿಷಯ’ ಎಂದು ಬಂದಿದ್ದರೆ ಪ್ರಶ್ನೆಯ ಚೌಕಟ್ಟೇ ಸರಿಯಿಲ್ಲದಿರಬಹುದು. ‘ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು’ ಎಂದಿದ್ದರೆ ಅದು ಸರ್ಕಾರದ ಭರವಸೆ ಎನಿಸಿಕೊಂಡು ಭರವಸೆಗಳ ಸಮಿತಿಯ ಕಣ್ಣಿಗೆ ಬೀಳುತ್ತದೆ, ಮೂರು ತಿಂಗಳೊಳಗೆ ಈಡೇರಿಸಬೇಕು.

ನಾಲ್ಕನೆಯದೇ ಹೆಚ್ಚು ತೂಕದ್ದು: ಬೆನ್ನುಹತ್ತಿದ್ದಾರೆಯೇ? ಅದೇ ವಿಷಯದ ಮೇಲೆ ಮುಂದಿನ ಅಧಿವೇಶನದಲ್ಲಿ ಮತ್ತೊಂದು ಪ್ರಶ್ನೆ, ಆಮೇಲೆ ಶೂನ್ಯ ವೇಳೆಯಲ್ಲಿ (ತುರ್ತು ವಿಷಯ ಎತ್ತಲು ಸಿಗುವ ಹೊತ್ತು) ಪ್ರಸ್ತಾಪ, ಅನುದಾನ ಬೇಡಿಕೆಯ (ಇಲಾಖೆಗಳ ಖರ್ಚಿಗೆ ಸದನದ ಒಪ್ಪಿಗೆ ಕೇಳುವುದು) ಚರ್ಚೆಯಲ್ಲಿ ಉಲ್ಲೇಖ, ಹೀಗೆ ಸರಪಳಿ ಕಂಡರೆ ಅಲ್ಲಿ ಕೆಲಸ ನಡೆದಿದೆ. ನೂರು ಇಲಾಖೆಗೆ ನೂರು ಬಿಡಿ ಪ್ರಶ್ನೆ ಹೋಗಿದ್ದರೆ ಯಾರೋ ಸಹಾಯಕರು ಕುಳಿತು ಟೈಪು ಮಾಡಿರುವ ಸಾಧ್ಯತೆಯೇ ಹೆಚ್ಚು. ಅದೇನೂ ಅಪರಾಧವಲ್ಲ. ಪ್ರಶ್ನೆಗೆ ದುಡ್ಡು ತೆಗೆದುಕೊಂಡರೆ ಅಪರಾಧ. ಆ ಕಾರಣಕ್ಕೆ 2005ರ ಡಿಸೆಂಬರಿನಲ್ಲಿ 11 ಸಂಸದರ ಉಚ್ಚಾಟನೆಯಾಯಿತು. ಒಂದೇ ಕಂಪನಿ ಅಥವಾ ಒಂದೇ ಗುತ್ತಿಗೆಯ ಸುತ್ತ ಪ್ರಶ್ನೆಗಳು ಗಿರಕಿ ಹೊಡೆಯುತ್ತಿದ್ದರೆ ಬರೆದಿಟ್ಟುಕೊಳ್ಳಿ, ಆದರೆ ಅಷ್ಟರಿಂದಲೇ ಏನನ್ನೂ ಸಾರಬೇಡಿ.

ಸರಾಸರಿ ತೆಗೆಯುವಾಗ ಒಂದು ಎಚ್ಚರಿಕೆ. 17ನೇ ಲೋಕಸಭೆ ಐದು ವರ್ಷದಲ್ಲಿ ಕೂತದ್ದು 274 ದಿನ. ಆದರೆ ಎಲ್ಲ ದಿನವೂ ಪ್ರಶ್ನೋತ್ತರ ವೇಳೆ ಇರಲಿಲ್ಲ, ಕೋವಿಡ್ ಕಾಲದ 2020ರ ಮುಂಗಾರು ಅಧಿವೇಶನದಲ್ಲಿ ಅದನ್ನೇ ಕೈಬಿಟ್ಟು ಲಿಖಿತ ಉತ್ತರಗಳನ್ನಷ್ಟೇ ಉಳಿಸಿಕೊಂಡಿದ್ದರು. ಪ್ರಶ್ನೆಗಳನ್ನು 274ರಿಂದ ಭಾಗಿಸಿದರೆ ತಪ್ಪು ಚಿತ್ರ ಬರುತ್ತದೆ.

ಮಾತು

‘ಚರ್ಚೆಯಲ್ಲಿ ಭಾಗವಹಿಸಿದ್ದು’ ಎಂಬ ಸಂಖ್ಯೆಯೊಳಗೆ ಬಜೆಟ್ ಮೇಲಿನ ಇಪ್ಪತ್ತು ನಿಮಿಷದ ಭಾಷಣವೂ ಇರುತ್ತದೆ, ಶೂನ್ಯ ವೇಳೆಯ ಒಂದೆರಡು ನಿಮಿಷವೂ ಇರುತ್ತದೆ, ನಿಯಮ 377ರ ಅಡಿ (ಬೇರೆ ನಿಯಮಗಳಲ್ಲಿ ಎತ್ತಲಾಗದ ವಿಷಯಗಳಿಗೆ) ಕೊಟ್ಟ ಸಣ್ಣ ಟಿಪ್ಪಣಿಯೂ ಇರುತ್ತದೆ. ಇವನ್ನು ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ನಡಾವಳಿಯಲ್ಲಿ ನಕ್ಷತ್ರ ಚಿಹ್ನೆಯ ಅಡಿಟಿಪ್ಪಣಿ ನೋಡಿದಿರಾದರೆ ಕೆಲವು ಭಾಷಣಗಳು ‘ಮಂಡಿಸಿದ್ದು’ ಎಂದಿರುತ್ತದೆ. ಅಂದರೆ ಬಾಯಲ್ಲಿ ಆಡಿದ್ದಲ್ಲ, ಬರೆದದ್ದನ್ನು ಮೇಜಿನ ಮೇಲಿಟ್ಟದ್ದು. ಅದೇ ಅಡಿಟಿಪ್ಪಣಿಯಲ್ಲಿ ‘ಮೂಲ ಕನ್ನಡದಲ್ಲಿ’ ಎಂಬ ಸೂಚನೆಯೂ ಸಿಕ್ಕೀತು. ಕನ್ನಡದ ಭಾಷಣ ನಡಾವಳಿಯಲ್ಲಿ ಇಂಗ್ಲಿಷ್ ಅನುವಾದವಾಗಿ ಅಚ್ಚಾಗಿರುತ್ತದೆ, ಆಡಿದ ಮಾತಿನ ಖಾರ ಬೇಕಿದ್ದರೆ ಆ ದಿನದ ವಿಡಿಯೊ ನೋಡಬೇಕು. ಶೂನ್ಯ ವೇಳೆಯಲ್ಲಿ ಇನ್ನೊಬ್ಬರು ಎತ್ತಿದ ವಿಷಯಕ್ಕೆ ‘ನನ್ನದೂ ಸಹಮತ’ ಎಂದು ಹೆಸರು ಸೇರಿಸಿಕೊಳ್ಳುವ ಪದ್ಧತಿಯಿದೆ. ಅದನ್ನು ಮಾತಿನ ಲೆಕ್ಕಕ್ಕೆ ಹಿಡಿಯಬೇಡಿ.

ಮಸೂದೆಗೆ ಸದಸ್ಯರು ತಿದ್ದುಪಡಿ ಸೂಚಿಸಿದ್ದಾರೆಯೇ ಎಂದೂ ನೋಡಿ. ವಿರೋಧ ಪಕ್ಷದವರ ತಿದ್ದುಪಡಿಗಳು ಬಹುತೇಕ ಬಿದ್ದೇ ಹೋಗುತ್ತವೆ. ಆದರೆ ಕಲಂ ಸಂಖ್ಯೆ ಹಿಡಿದು, ಈ ಪದ ತೆಗೆದು ಆ ಪದ ಹಾಕಿ ಎಂದು ಬರೆದವರು ಮಸೂದೆಯನ್ನು ಓದಿದ್ದಾರೆ ಎನ್ನುವುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ಖಾಸಗಿ ಮಸೂದೆಗಳನ್ನು ಸಾಧನೆಯ ಪಟ್ಟಿಯಲ್ಲಿ ದಪ್ಪಕ್ಷರದಲ್ಲಿ ಹಾಕುವುದುಂಟು. ಸ್ವಾತಂತ್ರ್ಯಾನಂತರ ಇಂಥವು ಕಾಯ್ದೆಯಾದದ್ದು 14 ಮಾತ್ರ, ಕೊನೆಯದು 1970ರಲ್ಲಿ. ಶುಕ್ರವಾರ ಮಧ್ಯಾಹ್ನದ ಎರಡೂವರೆ ಗಂಟೆಯಷ್ಟು ಹೊತ್ತು ಇವಕ್ಕೆ ಮತ್ತು ಖಾಸಗಿ ನಿರ್ಣಯಗಳಿಗೆ ಮೀಸಲು. ಹೆಚ್ಚಿನವು ಮಂಡನೆಯಲ್ಲೇ ನಿಲ್ಲುತ್ತವೆ. ಶೀರ್ಷಿಕೆ ಬಿಟ್ಟು ಒಳಗಿನ ಕಲಂಗಳನ್ನು ಓದಿ.

ಸಮಿತಿ: ಕ್ಯಾಮೆರಾ ಇಲ್ಲದ ಕೋಣೆ

ಇಲಾಖಾವಾರು ಸ್ಥಾಯಿ ಸಮಿತಿಗಳು 24. ಒಂದೊಂದರಲ್ಲಿ 31 ಮಂದಿ: ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಇಲ್ಲಿ ವಿಪ್ ಇಲ್ಲ, ನೇರಪ್ರಸಾರವೂ ಇಲ್ಲ. ಹಾಗಾಗಿ ಹಿಂದಿನ ಸಾಲಿನವರು ಅಧಿಕಾರಿಗಳನ್ನು ಎದುರಿಗೆ ಕೂರಿಸಿಕೊಂಡು ನಿಜವಾಗಿ ವಿಚಾರಿಸಲು ಸಿಗುವ ಜಾಗ ಇದೇ. ‘ಎಂಪಿ ಟ್ರ್ಯಾಕ್’ನ ನಾಲ್ಕು ಅಂಕಿಗಳಲ್ಲಿ ಇದು ಕಾಣುವುದಿಲ್ಲ. ನಿಮ್ಮ ಸಂಸದರು ಯಾವ ಸಮಿತಿಯಲ್ಲಿದ್ದಾರೆ ಎಂದು ಅವರ ಪುಟದಲ್ಲಿ ನೋಡಿ, ಆ ಸಮಿತಿಯ ಇತ್ತೀಚಿನ ನಾಲ್ಕು ವರದಿ ಇಳಿಸಿಕೊಳ್ಳಿ. ಮೊದಲ ಪುಟಗಳನ್ನು ಬಿಟ್ಟು ನೇರ ಕೊನೆಗೆ ಬನ್ನಿ. ಅಲ್ಲಿ ಸಭೆಗಳ ನಡಾವಳಿ, ಅದರಲ್ಲಿ ಹಾಜರಿದ್ದವರ ಹೆಸರು ಅಚ್ಚಾಗಿರುತ್ತವೆ. ಭಿನ್ನಮತದ ಟಿಪ್ಪಣಿ ಇದ್ದರೆ ಅದೂ ಅಲ್ಲೇ. ವಿಪ್‌ನ ಭಯವಿಲ್ಲದೆ ಬರೆದ ಅಭಿಪ್ರಾಯ ಬೇಕೆಂದರೆ ಅದನ್ನು ಓದಿ. 17ನೇ ಲೋಕಸಭೆಯಲ್ಲಿ ಸಮಿತಿಗೆ ಹೋದ ಮಸೂದೆಗಳು ಶೇ 16ರಷ್ಟು ಮಾತ್ರ, ಆದ್ದರಿಂದ ಮಸೂದೆಯ ವರದಿ ಸಿಗದಿದ್ದರೆ ಅನುದಾನ ಬೇಡಿಕೆಗಳ ಮೇಲಿನ ವರದಿ ಹಿಡಿಯಿರಿ. ಅದು ವರ್ಷ ವರ್ಷವೂ ಬರುತ್ತದೆ.

ಸಂಸದರ ನಿಧಿ (ವರ್ಷಕ್ಕೆ 5 ಕೋಟಿ ರೂಪಾಯಿ) ಈ ಹಾಳೆಗೆ ಬೇಡ. ಬಸ್ ತಂಗುದಾಣದ ಮೇಲಿನ ಹೆಸರು ಸದನದ ಕೆಲಸವಲ್ಲ, ಅದರ ಲೆಕ್ಕವೇ ಬೇರೆ.

ಶಾಸಕರದ್ದಾದರೆ

ಕ್ರಮ ಇದೇ, ಸಾಮಗ್ರಿ ಮಾತ್ರ ತೆಳು. ಕರ್ನಾಟಕ ವಿಧಾನಸಭೆಯ 224 ಮಂದಿಯ ಪ್ರಶ್ನೋತ್ತರಗಳು ವಿಧಾನಮಂಡಲದ ಜಾಲತಾಣದಲ್ಲಿ ಕನ್ನಡದಲ್ಲೇ ಸಿಗುವುದು ದೊಡ್ಡ ಅನುಕೂಲ. ಚುಕ್ಕೆ ಗುರುತಿನ ಪ್ರಶ್ನೆ, ಗಮನ ಸೆಳೆಯುವ ಸೂಚನೆ, ಶೂನ್ಯ ವೇಳೆ ಎಂದು ವಿಂಗಡಿಸಿಕೊಳ್ಳಿ. ಡಿವಿಜನ್ ಇಲ್ಲಿ ಇನ್ನೂ ಅಪರೂಪ. 2019ರ ಜುಲೈ 23ರ ವಿಶ್ವಾಸಮತದಂದು ಸದಸ್ಯರನ್ನು ಸಾಲು ಸಾಲಾಗಿ ನಿಲ್ಲಿಸಿ ತಲೆ ಎಣಿಸಿದರು. ಪರ 99, ವಿರುದ್ಧ 105 ಎಂದಾಗಿ ಕುಮಾರಸ್ವಾಮಿ ಸರ್ಕಾರ ಬಿತ್ತು. ಅಂದು ಸದನಕ್ಕೆ ಬಾರದವರೇ ಫಲಿತಾಂಶ ನಿರ್ಧರಿಸಿದ್ದರಿಂದ, ಆ ದಿನದ ಗೈರುಪಟ್ಟಿಯನ್ನು ಮತಪಟ್ಟಿಯಷ್ಟೇ ಜತನದಿಂದ ಓದಬೇಕು.

ಜಾಲತಾಣದಲ್ಲಿ ಸಿಗದ್ದಕ್ಕೆ ಮಾಹಿತಿ ಹಕ್ಕು ಇದೆ: ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನ. ಲೋಕಸಭೆಯ ವಿಷಯಕ್ಕೆ ಲೋಕಸಭಾ ಸಚಿವಾಲಯಕ್ಕೆ, ವಿಧಾನಸಭೆಯದಕ್ಕೆ ಅದರ ಸಚಿವಾಲಯಕ್ಕೆ ಅರ್ಜಿ ಹಾಕಿ. ‘ನಮ್ಮ ಪ್ರತಿನಿಧಿಯ ಸಾಧನೆ ತಿಳಿಸಿ’ ಎಂದು ಬರೆದರೆ ಏನೂ ಬರುವುದಿಲ್ಲ. ಸಮಿತಿಯ ಹೆಸರು, ವರ್ಷ, ಸದಸ್ಯರ ಹೆಸರು ಕೊಟ್ಟು ದಿನಾಂಕವಾರು ಹಾಜರಿಪಟ್ಟಿಯ ಪ್ರತಿ ಕೇಳಿ.